ನಾರ್ತ್ ಕ್ಯಾರೊಲಿನಾ ಸ್ಟೇಟ್ ಬ್ಯಾಸ್ಕೆಟ್‌ಬಾಲ್ ತಂಡ: 1982–83ರ ಋತು

ಅಮೆರಿಕದ ರಾಲಿ ನಗರದಲ್ಲಿರುವ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ‘ವುಲ್ಫ್‌ಪ್ಯಾಕ್’ 1982–83ರಲ್ಲಿ 36 ಪಂದ್ಯ ಆಡಿತು. 26 ಗೆದ್ದು, 10 ಸೋತು, ಕೊನೆಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯ ಚಾಂಪಿಯನ್ ಆಯಿತು. ಹತ್ತು ಪಂದ್ಯ ಸೋತ ತಂಡವೊಂದು ಅದಕ್ಕೆ ಮೊದಲು ಎಂದೂ ಈ ಪಟ್ಟ ಗೆದ್ದಿರಲಿಲ್ಲ. ಐದು ವರ್ಷಗಳ ನಂತರ, 1988ರಲ್ಲಿ, 11 ಪಂದ್ಯ ಸೋತಿದ್ದ ಕಾನ್ಸಸ್ ತಂಡ ಗೆದ್ದಾಗ ಆ ದಾಖಲೆ ಹಳೆಯದಾಯಿತು.

ಈ ಋತುವಿನ ಬಗ್ಗೆ ಬರವಣಿಗೆಗೇನೂ ಕೊರತೆಯಿಲ್ಲ. ಆದರೆ ಅದರಲ್ಲಿ ಹೆಚ್ಚಿನದು ಫೈನಲ್‌ನ ಕಡೆಯ ಕೆಲವು ಸೆಕೆಂಡುಗಳ ಸುತ್ತಲೇ ಸುತ್ತುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಏಳುಬೀಳು, ಗಾಯ, ಅರ್ಧದಲ್ಲಿ ಬದಲಾಗುವ ನಿಯಮ ಎಲ್ಲವೂ ಚೆಂಡನ್ನು ಕೈಯಾರೆ ಬುಟ್ಟಿಗೆ ತುರುಕಿದ ಒಂದು ಡಂಕ್‌ನ ನೆರಳಿಗೆ ಸರಿದಿವೆ. ‘ಅದೃಷ್ಟದ ಗೆಲುವು’ ಎಂಬ ಮಾತು ಅಲ್ಲಿಂದ ಹುಟ್ಟಿದ್ದು. ಇಡೀ ಋತುವಿನ ಅಂಕಪಟ್ಟಿ ಹಿಡಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಹಿನ್ನೆಲೆ

ಶಾಲೆಗೆ ಬ್ಯಾಸ್ಕೆಟ್‌ಬಾಲ್ ಹೊಸದಲ್ಲ. 1974ರಲ್ಲಿ ನಾರ್ಮ್ ಸ್ಲೋನ್ ಅವರ ತರಬೇತಿಯಲ್ಲಿ, ಡೇವಿಡ್ ಥಾಂಪ್ಸನ್ ಆಟದ ಬಲದಲ್ಲಿ ಅದು ರಾಷ್ಟ್ರೀಯ ಪಟ್ಟ ಗೆದ್ದಿತ್ತು. 1980ರಲ್ಲಿ ಅಯೋನಾ ಕಾಲೇಜಿನಿಂದ ಜಿಮ್ ವಾಲ್ವಾನೊ ಕೋಚ್ ಆಗಿ ಬಂದರು. ಮೊದಲ ವರ್ಷ 14 ಗೆಲುವು, 13 ಸೋಲು; ಎರಡನೆಯ ವರ್ಷ 22 ಗೆಲುವು, 10 ಸೋಲು. ಮೂರನೆಯ ವರ್ಷಕ್ಕೆ ಮೂವರು ಕಡೆಯ ವರ್ಷದ ವಿದ್ಯಾರ್ಥಿಗಳು ತಂಡದ ಬೆನ್ನೆಲುಬಾಗಿದ್ದರು: ಗಾರ್ಡ್‌ಗಳಾದ ಡೆರೆಕ್ ವಿಟೆನ್‌ಬರ್ಗ್ ಮತ್ತು ಸಿಡ್ನಿ ಲೋ, ಎತ್ತರದ ಫಾರ್ವರ್ಡ್ ಥರ್ಲ್ ಬೇಲಿ. ಲೋ ಮತ್ತು ವಿಟೆನ್‌ಬರ್ಗ್ ಮೇರಿಲ್ಯಾಂಡ್‌ನ ಡಿಮಾಥಾ ಹೈಸ್ಕೂಲಿನಿಂದಲೇ ಜೊತೆಯಾಟಗಾರರು. ಒಬ್ಬ ಚೆಂಡು ಕೊಡುವ ಮೊದಲೇ ಇನ್ನೊಬ್ಬ ಹೋಗಿ ನಿಂತಿರುವಷ್ಟು ಹೊಂದಾಣಿಕೆ.

ವಾಲ್ವಾನೊ ಬಗ್ಗೆ ಆಟಗಾರರು ಮತ್ತೆ ಮತ್ತೆ ಹೇಳುವ ಸಂಗತಿಯೊಂದಿದೆ. ವರ್ಷಕ್ಕೊಂದು ದಿನ ಅಭ್ಯಾಸದ ಹೊತ್ತಿನಲ್ಲಿ ಚೆಂಡೇ ಇರುತ್ತಿರಲಿಲ್ಲ. ಕತ್ತರಿ ತರಿಸಿ, ಪಟ್ಟ ಗೆದ್ದ ತಂಡ ಮಾಡುವ ಹಾಗೆ ಬುಟ್ಟಿಯ ಬಲೆ ಕತ್ತರಿಸುವುದನ್ನಷ್ಟೇ ಅಭ್ಯಾಸ ಮಾಡಿಸುತ್ತಿದ್ದರು. ಹುಡುಗರು ಒಬ್ಬರನ್ನೊಬ್ಬರು ಹೆಗಲ ಮೇಲೆ ಹೊತ್ತುಕೊಂಡು, ಗೆಲ್ಲದ ಪಂದ್ಯದ ಬಲೆಯನ್ನು ಕತ್ತರಿಸುತ್ತಿದ್ದರು.

ಎರಡು ನಿಯಮಗಳ ಋತು

ಈ ಋತುವಿನ ಅಂಕಗಳನ್ನು ಹೋಲಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ತಂಡವಿದ್ದದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅಥವಾ ಎಸಿಸಿ ಎಂಬ ಶಾಲೆಗಳ ಕೂಟದಲ್ಲಿ. 1982ರ ಎಸಿಸಿ ಫೈನಲ್‌ನಲ್ಲಿ, ಬೇರೆಯದೇ ಶಾಲೆಯಾದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ವರ್ಜೀನಿಯಾವನ್ನು 47–45ರಿಂದ ಸೋಲಿಸಿತ್ತು. ದೇಶವೆಲ್ಲ ಟಿ.ವಿ. ನೋಡುತ್ತಿರುವಾಗ ತಂಡವೊಂದು ಬುಟ್ಟಿಯ ಕಡೆ ತಿರುಗಿಯೂ ನೋಡದೆ ನಿಮಿಷಗಟ್ಟಲೆ ಚೆಂಡು ಹಿಡಿದು ಕಾಲ ಕಳೆದದ್ದು ಟೀಕೆಗೆ ಗುರಿಯಾಯಿತು. ಮರುವರ್ಷವೇ ಎಸಿಸಿ ಎರಡು ಪ್ರಯೋಗ ಮಾಡಿತು: 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆನ್ನುವ ಶಾಟ್ ಕ್ಲಾಕ್, ಮತ್ತು ಬುಟ್ಟಿಯಿಂದ 17 ಅಡಿ 9 ಅಂಗುಲ ದೂರದ ಗೆರೆಯಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ.

ದೂರದಿಂದ ಗುರಿ ಇಡುವ ವುಲ್ಫ್‌ಪ್ಯಾಕ್ ಗಾರ್ಡ್‌ಗಳಿಗೆ ಇದು ಒದಗಿ ಬಂದ ನಿಯಮ. ಬದಲಿ ಗಾರ್ಡ್ ಟೆರಿ ಗ್ಯಾನನ್ ಆ ಗೆರೆಯಾಚೆಯಿಂದ 90 ಪ್ರಯತ್ನಗಳಲ್ಲಿ 53 ಬುಟ್ಟಿ ಹಾಕಿದ. ಆದರೆ ರಾಷ್ಟ್ರೀಯ ಟೂರ್ನಿಯಲ್ಲಿ ಈ ಎರಡೂ ನಿಯಮ ಇರಲಿಲ್ಲ. ಅಲ್ಲಿ 30 ಅಡಿಯಿಂದ ಹಾಕಿದರೂ ಎರಡೇ ಅಂಕ. ಮುಂದಿರುವ ತಂಡ ಮನಸ್ಸು ಬಂದಷ್ಟು ಹೊತ್ತು ಚೆಂಡು ಇಟ್ಟುಕೊಳ್ಳಬಹುದಿತ್ತು. ಮಾರ್ಚ್ ಮೊದಲ ವಾರದಲ್ಲಿ ಒಂದೇ ಪಂದ್ಯದಲ್ಲಿ 130 ಅಂಕ ಗಳಿಸಿದ ತಂಡ ಏಪ್ರಿಲ್‌ನಲ್ಲಿ 54 ಅಂಕಕ್ಕೇ ಚಾಂಪಿಯನ್ ಆದದ್ದರ ಹಿಂದೆ ಈ ನಿಯಮದ ಅಂತರವೂ ಇದೆ.

ಜನವರಿ 12 ಮತ್ತು ನಂತರದ 14 ಪಂದ್ಯಗಳು

1983ರ ಜನವರಿ 12ರಂದು ವರ್ಜೀನಿಯಾ ವಿರುದ್ಧ ವಿಟೆನ್‌ಬರ್ಗ್ ಆಟ ಕೈಗೆ ಸಿಗದಂತಿತ್ತು. 27 ಅಂಕ ಗಳಿಸಿದ್ದಾಗ, ನೆಗೆದು ಕೆಳಗಿಳಿಯುವಾಗ ಅವನ ಪಾದ ಎದುರಾಳಿಯ ಪಾದದ ಮೇಲೆ ಬಿದ್ದು ಮೂಳೆ ಮುರಿಯಿತು. ಪಂದ್ಯವೂ ಕೈತಪ್ಪಿತು, 88–80. ಅವನ ಕಾಲೇಜು ಆಟ ಮುಗಿಯಿತೆಂದೇ ಆಗ ಎಲ್ಲರೂ ತಿಳಿದಿದ್ದರು.

ಜನಪ್ರಿಯ ಕಥನಗಳು ಇಲ್ಲಿಂದ ನೇರವಾಗಿ ಅವನು ಮರಳಿ ಬಂದ ದಿನಕ್ಕೆ ಜಿಗಿಯುತ್ತವೆ. ನಡುವಿನ 14 ಪಂದ್ಯಗಳೇ ಈ ಋತುವಿನ ನಿಜವಾದ ತಿರುವು ಎನ್ನಬೇಕು. ಅವುಗಳಲ್ಲಿ ತಂಡ ಒಂಬತ್ತು ಗೆದ್ದು ಐದು ಸೋತಿತು. ಮೊದಲ ವರ್ಷದ ಹುಡುಗ ಅರ್ನಿ ಮೈಯರ್ಸ್ ಗಾರ್ಡ್ ಜಾಗಕ್ಕೆ ಬಂದು ಡ್ಯೂಕ್ ವಿರುದ್ಧ 35 ಅಂಕ ಬಾರಿಸಿದ. ಗ್ಯಾನನ್‌ಗೆ ಆಡುವ ಹೊತ್ತು ಸಿಕ್ಕಿತು. ಬುಟ್ಟಿಯ ಹತ್ತಿರ ಹೊಡೆದಾಡುವ ಕೆಲಸ ಬೇಲಿಯ ಜೊತೆಗೆ ಎರಡನೆಯ ವರ್ಷದ ಲೊರೆಂಜೊ ಚಾರ್ಲ್ಸ್ ಹೆಗಲಿಗೂ ಬಿತ್ತು. ಫೆಬ್ರವರಿಯಲ್ಲಿ ರಾಲಿಯ ರೆನಾಲ್ಡ್ಸ್ ಕೊಲಿಸಿಯಂನಲ್ಲಿ, ಮೈಕಲ್ ಜೋರ್ಡನ್ ಮತ್ತು ಸ್ಯಾಮ್ ಪರ್ಕಿನ್ಸ್ ಇದ್ದ ನಾರ್ತ್ ಕ್ಯಾರೊಲಿನಾ ತಂಡವನ್ನು 70–63ರಿಂದ ಮಣಿಸಿದ್ದು ವಿಟೆನ್‌ಬರ್ಗ್ ಇಲ್ಲದೆಯೇ. ಒಬ್ಬನನ್ನು ನೆಚ್ಚಿಕೊಂಡಿದ್ದ ತಂಡ ಏಳೆಂಟು ಜನರ ತಂಡವಾದದ್ದು ಈ ವಾರಗಳಲ್ಲಿ.

ಅವನು ಮರಳಿದ ಕೂಡಲೇ ಎಲ್ಲ ಸರಿಹೋಯಿತೆಂಬ ಗ್ರಹಿಕೆಯೂ ತಪ್ಪು. ಮರಳಿದ ಮೇಲಿನ ಮೂರು ಪಂದ್ಯಗಳಲ್ಲಿ ಮೊದಲ ಎರಡು ಸೋಲೇ. ಮೂರನೆಯದು ವೇಕ್ ಫಾರೆಸ್ಟ್ ವಿರುದ್ಧ 130–89ರ ಗೆಲುವು. ಅಲ್ಲಿಗೆ ಲೆಕ್ಕ 17 ಗೆಲುವು, 10 ಸೋಲು. ಎಸಿಸಿಯೊಳಗೆ 8 ಗೆಲುವು, 6 ಸೋಲು. ಆಗ ರಾಷ್ಟ್ರೀಯ ಟೂರ್ನಿಗೆ ಇದ್ದದ್ದು 52 ಜಾಗ. ಎಸಿಸಿ ಟೂರ್ನಿ ಗೆದ್ದವರಿಗೆ ಜಾಗ ಖಚಿತ. ಉಳಿದವರು ಆಯ್ಕೆ ಸಮಿತಿಯ ಕೃಪೆ ಕಾಯಬೇಕು. ಗೆಲ್ಲದಿದ್ದರೂ ಈ ತಂಡಕ್ಕೆ ಕರೆ ಬರುತ್ತಿತ್ತೇ ಎಂಬ ಚರ್ಚೆ ಇಂದಿಗೂ ಇದೆ. ಆಟಗಾರರಂತೂ ಬಾಗಿಲು ಒಂದೇ ಎಂದು ನಂಬಿ ಅಟ್ಲಾಂಟಾಕ್ಕೆ ಹೊರಟರು.

ಒಂಬತ್ತು ಪಂದ್ಯ

ಅಟ್ಲಾಂಟಾದಲ್ಲಿ ಮೊದಲ ಎದುರಾಳಿ ಮತ್ತೆ ವೇಕ್ ಫಾರೆಸ್ಟ್. ಒಂದು ವಾರದ ಹಿಂದೆ 41 ಅಂಕಗಳಿಂದ ಬಗ್ಗುಬಡಿದ ಅದೇ ತಂಡದ ಮೇಲೆ ಈಗ ಒಂದೇ ಅಂಕದ ಗೆಲುವು, 71–70. ಈ ಋತುವಿನ ಏರಿಳಿತ ತೋರಿಸಲು ಇದೊಂದೇ ಜೋಡಿ ಸಾಕು. ಸೆಮಿಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾವನ್ನು ಹೆಚ್ಚುವರಿ ಅವಧಿಯಲ್ಲಿ 91–84ರಿಂದ, ಫೈನಲ್‌ನಲ್ಲಿ ರಾಲ್ಫ್ ಸ್ಯಾಂಪ್ಸನ್ ಇದ್ದ ವರ್ಜೀನಿಯಾವನ್ನು 81–78ರಿಂದ ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರ ಸಿಡ್ನಿ ಲೋ.

ರಾಷ್ಟ್ರೀಯ ಟೂರ್ನಿಯಲ್ಲಿ ತಂಡಕ್ಕೆ ಪಶ್ಚಿಮ ವಲಯದ ಆರನೇ ಶ್ರೇಯಾಂಕ. ಒರೆಗಾನ್‌ನ ಕೊರ್ವಾಲಿಸ್‌ನಲ್ಲಿ ಪೆಪರ್‌ಡೈನ್ ಎದುರು ಸೋಲು ಕಣ್ಣೆದುರಿಗೇ ಇತ್ತು. ಹಿಂದೆ ಬಿದ್ದ ವಾಲ್ವಾನೊ ಬೇಕೆಂದೇ ಫೌಲ್ ಮಾಡಿಸತೊಡಗಿದರು. ಅದರಿಂದ ಪೆಪರ್‌ಡೈನ್‌ಗೆ ಸಿಕ್ಕ ಫ್ರೀ ಥ್ರೋಗಳು ತಪ್ಪಿದವು. ವಿಟೆನ್‌ಬರ್ಗ್ ತಪ್ಪಿಸಿದ ಫ್ರೀ ಥ್ರೋವನ್ನು ಜೊತೆಯಾಟಗಾರ ಕೊಝೆಲ್ ಮೆಕ್ವೀನ್ ಹಿಡಿದು ಬುಟ್ಟಿಗೆ ಹಾಕಿ ಪಂದ್ಯವನ್ನು ಎರಡನೆಯ ಹೆಚ್ಚುವರಿ ಅವಧಿಗೆ ಒಯ್ದ. ಫಲಿತಾಂಶ 69–67. ಮುಂದಿನದು ನೆವಾಡಾ–ಲಾಸ್ ವೇಗಸ್ ವಿರುದ್ಧ ಮತ್ತೊಂದು 71–70. ವೇಕ್ ಫಾರೆಸ್ಟ್ ಪಂದ್ಯದ ಅಂಕವೂ ಇದೇ ಆದ್ದರಿಂದ ಕೆಲವು ಬರಹಗಳಲ್ಲಿ ಇವೆರಡು ಕಲಸಿಹೋಗಿವೆ. ಕಡೆಯ ಕ್ಷಣದಲ್ಲಿ ಬೇಲಿ ಬುಟ್ಟಿ ಹಾಕಿ ಗೆಲ್ಲಿಸಿದ್ದು ಲಾಸ್ ವೇಗಸ್ ತಂಡದ ಎದುರು. ಯೂಟಾ ಸುಲಭವಾಗಿ ಸೋತಿತು, 75–56. ವಲಯದ ಫೈನಲ್‌ನಲ್ಲಿ ವರ್ಜೀನಿಯಾ ಆ ವರ್ಷ ನಾಲ್ಕನೆಯ ಬಾರಿ ಎದುರಾಯಿತು. ಮೊದಲೆರಡು ವರ್ಜೀನಿಯಾದ ಪಾಲು, ಮೂರನೆಯದು ಎಸಿಸಿ ಫೈನಲ್. ನಾಲ್ಕನೆಯದನ್ನು ಚಾರ್ಲ್ಸ್ ಕೊನೆಯಲ್ಲಿ ಹಾಕಿದ ಎರಡು ಫ್ರೀ ಥ್ರೋಗಳು ತೀರ್ಮಾನಿಸಿದವು, 63–62. ಆಲ್ಬುಕರ್ಕಿಯ ಸೆಮಿಫೈನಲ್‌ನಲ್ಲಿ ಜಾರ್ಜಿಯಾವನ್ನು 67–60ರಿಂದ ದಾಟಿತು.

ಕಡೆಯ ಈ ಒಂಬತ್ತು ಪಂದ್ಯಗಳಲ್ಲಿ, ಫೈನಲ್ ಸೇರಿ, ಆರರ ಅಂತರ ಮೂರು ಅಂಕ ಅಥವಾ ಅದಕ್ಕಿಂತ ಕಡಿಮೆ. ಒಂದು ಪಂದ್ಯ ಒಲಿದರೆ ಅದೃಷ್ಟ ಎನ್ನಬಹುದು. ಆರು ಸಲ ಕಡೆಯ ಗಳಿಗೆಯಲ್ಲಿ ಕೈ ನಡುಗದ ತಂಡಕ್ಕೆ ಬೇರೆ ಹೆಸರು ಕೊಡಬೇಕಾಗುತ್ತದೆ.

ಏಪ್ರಿಲ್ 4ರ ಫೈನಲ್

ಎದುರಾಳಿ ಹ್ಯೂಸ್ಟನ್: 31 ಗೆಲುವು, 2 ಸೋಲು, ಸತತ 26 ಗೆಲುವು. ಹಕೀಮ್ ಒಲಾಜುವನ್, ಕ್ಲೈಡ್ ಡ್ರೆಕ್ಸ್‌ಲರ್ ಇದ್ದ ಆ ತಂಡಕ್ಕೆ ಡಂಕ್‌ಗಳ ಅಬ್ಬರದಿಂದ ‘ಫೈ ಸ್ಲಾಮಾ ಜಾಮಾ’ ಎಂಬ ಅಡ್ಡಹೆಸರು. ಪಂದ್ಯ ನಡೆದದ್ದು ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದ ಆಲ್ಬುಕರ್ಕಿಯಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ಅಗೆದು ಕಟ್ಟಿದ ‘ದಿ ಪಿಟ್’ ಕ್ರೀಡಾಂಗಣದಲ್ಲಿ, ಪ್ರೇಕ್ಷಕರು 17,327.

ಮೊದಲಾರ್ಧದಲ್ಲಿ ಬೇಲಿ 15 ಅಂಕ ಗಳಿಸಿದ, ಡ್ರೆಕ್ಸ್‌ಲರ್ ನಾಲ್ಕು ಫೌಲ್‌ಗೆ ಸಿಕ್ಕಿಬಿದ್ದ. ವುಲ್ಫ್‌ಪ್ಯಾಕ್ 33–25 ಮುಂದಿತ್ತು. ವಿರಾಮದ ನಂತರ ಹ್ಯೂಸ್ಟನ್ 17 ಅಂಕ ಗಳಿಸುವಷ್ಟರಲ್ಲಿ ವುಲ್ಫ್‌ಪ್ಯಾಕ್ ಗಳಿಸಿದ್ದು ಎರಡು. 42–35. ಆಮೇಲೆ ಹ್ಯೂಸ್ಟನ್ ಕೋಚ್ ಗೈ ಲೂಯಿಸ್ ಆಟದ ವೇಗ ತಗ್ಗಿಸಿದರು. ಶಾಟ್ ಕ್ಲಾಕ್ ಇಲ್ಲದ ಟೂರ್ನಿಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆ ಒಂದು ನಿರ್ಧಾರಕ್ಕಾಗಿ ಲೂಯಿಸ್ ಬದುಕಿರುವವರೆಗೂ ಮಾತು ಕೇಳಿದರು.

ವಾಲ್ವಾನೊ ಉತ್ತರ ಕೊರ್ವಾಲಿಸ್‌ನದೇ. ಆಗಿನ ನಿಯಮದಂತೆ ತಂಡವೊಂದರ ಫೌಲ್‌ಗಳು ಮಿತಿ ದಾಟಿದ ಮೇಲೆ ಎದುರಾಳಿಗೆ ಸಿಗುತ್ತಿದ್ದದ್ದು ‘ಒನ್ ಅಂಡ್ ಒನ್’: ಮೊದಲ ಫ್ರೀ ಥ್ರೋ ಬಿದ್ದರೆ ಮಾತ್ರ ಎರಡನೆಯದು, ತಪ್ಪಿದರೆ ಚೆಂಡು ಯಾರ ಕೈಗೆ ಸಿಕ್ಕಿತೋ ಅವರದು. ಫ್ರೀ ಥ್ರೋದಲ್ಲಿ ದುರ್ಬಲವಾಗಿದ್ದ ಹ್ಯೂಸ್ಟನ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇರೆ ಇರಲಿಲ್ಲ. ಅವರು ತಪ್ಪಿಸುತ್ತ ಹೋದರು. ಇತ್ತ ಲೋ ಮತ್ತು ವಿಟೆನ್‌ಬರ್ಗ್ ದೂರದಿಂದ ಎರಡೆರಡೇ ಅಂಕ ಕೂಡಿಸಿ 52–52ಕ್ಕೆ ತಂದು ನಿಲ್ಲಿಸಿದರು. ಒಂದು ನಿಮಿಷದಷ್ಟು ಆಟ ಉಳಿದಿದ್ದಾಗ ಹ್ಯೂಸ್ಟನ್‌ನ ಆಲ್ವಿನ್ ಫ್ರಾಂಕ್ಲಿನ್ ಮೊದಲ ಫ್ರೀ ಥ್ರೋವನ್ನೇ ತಪ್ಪಿಸಿದ.

ಈಗ ಚೆಂಡು ವುಲ್ಫ್‌ಪ್ಯಾಕ್ ಬಳಿ. ಕಡೆಯ ಹೊಡೆತಕ್ಕಾಗಿ ಕಾಯುತ್ತಿದ್ದವರನ್ನು ಹ್ಯೂಸ್ಟನ್ ಮುತ್ತಿಕೊಂಡಿತು. ವಿಟೆನ್‌ಬರ್ಗ್‌ಗೆ ಬಂದ ಪಾಸ್‌ಗೆ ಹ್ಯೂಸ್ಟನ್‌ನ ಬೆನ್ನಿ ಆಂಡರ್ಸ್‌ನ ಬೆರಳು ತಗುಲಿತು. ಚೆಂಡು ಅವನ ಕೈಗೆ ದಕ್ಕಿದ್ದರೆ ಎದುರಿಗೆ ಖಾಲಿ ಅಂಗಳ. ದಕ್ಕಲಿಲ್ಲ. ಪುಟಿದ ಚೆಂಡನ್ನು ವಿಟೆನ್‌ಬರ್ಗ್ ಬಾಚಿಕೊಂಡು, ತಿರುಗಿ, ಸುಮಾರು 30 ಅಡಿಯಿಂದ ಎಸೆದ. ಎಸೆತ ರಿಂಗನ್ನೂ ಮುಟ್ಟುವಂತಿರಲಿಲ್ಲ. ಅದು ಗಿಡ್ಡವಾಗಿ ಇಳಿಯುತ್ತಿರುವುದನ್ನು ಬುಟ್ಟಿಯ ಅಡಿಯಲ್ಲಿದ್ದ ಚಾರ್ಲ್ಸ್ ಎಲ್ಲರಿಗಿಂತ ಮೊದಲು ಕಂಡ, ಗಾಳಿಯಲ್ಲೇ ಹಿಡಿದು ಎರಡೂ ಕೈಯಿಂದ ಬುಟ್ಟಿಗೆ ತುರುಕಿದ. 54–52.

ಅದು ಎಸೆತವೋ ಪಾಸೋ ಎಂಬ ಪ್ರಶ್ನೆ ಇಂದಿಗೂ ಜೀವಂತ. ಪಾಸ್ ಎಂದು ವಿಟೆನ್‌ಬರ್ಗ್ ನಗುತ್ತ ಹೇಳಿದ್ದುಂಟು. ಚಿತ್ರಿಕೆಯಲ್ಲಿ ಕಾಣುವುದು ಗುರಿ ತಪ್ಪಿದ ಎಸೆತವೇ. ಅಪ್ಪಿಕೊಳ್ಳಲು ಯಾರಾದರೂ ಸಿಗಲಿ ಎಂದು ವಾಲ್ವಾನೊ ಅಂಗಳದ ತುಂಬ ಓಡಾಡಿದ ದೃಶ್ಯವೂ ಅದೇ ಚಿತ್ರಿಕೆಯದು. ಟೂರ್ನಿಯ ಶ್ರೇಷ್ಠ ಆಟಗಾರನೆಂಬ ಗೌರವ ಸೋತ ತಂಡದ ಒಲಾಜುವನ್‌ಗೆ ಹೋಯಿತು. ಫೈನಲ್‌ನಲ್ಲಿ ಅವನದು 20 ಅಂಕ, 18 ರೀಬೌಂಡ್.

ನಂತರ

ನಿಯಮ ರೂಪಿಸುವವರು ಈ ಋತುವನ್ನು ಗಂಭೀರವಾಗಿಯೇ ತೆಗೆದುಕೊಂಡಂತಿದೆ. 1983–84ರಲ್ಲಿ ಕಡೆಯ ಎರಡು ನಿಮಿಷಗಳ ಫೌಲ್‌ಗೆ ಎರಡು ಫ್ರೀ ಥ್ರೋ ಕೊಡುವ ನಿಯಮ ಬಂತು, ಒಂದು ತಿಂಗಳಲ್ಲೇ ರದ್ದಾಯಿತು. 1985–86ರಲ್ಲಿ 45 ಸೆಕೆಂಡಿನ ಶಾಟ್ ಕ್ಲಾಕ್, 1986–87ರಲ್ಲಿ ಮೂರು ಅಂಕದ ಗೆರೆ ದೇಶವ್ಯಾಪಿ ಜಾರಿಯಾದವು.

ಬೇಲಿಯನ್ನು ಆ ವರ್ಷದ ಎನ್‌ಬಿಎ ಆಯ್ಕೆಯಲ್ಲಿ ಯೂಟಾ ಏಳನೆಯವನಾಗಿ ತೆಗೆದುಕೊಂಡಿತು. ಲೋ 2006ರಿಂದ 2011ರವರೆಗೆ ಹಳೆಯ ಶಾಲೆಗೇ ಕೋಚ್ ಆಗಿದ್ದರು. ದಶಕದ ಕೊನೆಯಲ್ಲಿ ವಾಲ್ವಾನೊ ಅವರ ತಂಡ ನಿಯಮ ಉಲ್ಲಂಘನೆಯ ತನಿಖೆಗೆ ಒಳಗಾಯಿತು. 1990ರಲ್ಲಿ ಅವರು ಹುದ್ದೆ ಬಿಟ್ಟರು. ಇದನ್ನು 1983ರ ಪಟ್ಟಕ್ಕೆ ಗಂಟುಹಾಕುವವರಿದ್ದಾರೆ. ರಾಷ್ಟ್ರೀಯ ಟೂರ್ನಿಯ ದಾಖಲೆಯಿಂದ ರದ್ದಾದದ್ದು 1987 ಮತ್ತು 1988ರ ಪಂದ್ಯಗಳು. 1983ರ ಪಟ್ಟ ಮುಟ್ಟದೆ ಹಾಗೇ ಉಳಿದಿದೆ. ಕ್ಯಾನ್ಸರ್‌ಗೆ ತುತ್ತಾದ ವಾಲ್ವಾನೊ 1993ರ ಮಾರ್ಚ್ 4ರಂದು, ನಡೆಯಲು ಆಸರೆ ಬೇಕಾದ ಸ್ಥಿತಿಯಲ್ಲಿ, ವೇದಿಕೆಯೊಂದರಿಂದ ಕ್ಯಾನ್ಸರ್ ಸಂಶೋಧನೆಗಾಗಿ ‘ವಿ ಫೌಂಡೇಶನ್’ ಘೋಷಿಸಿದರು. ಏಪ್ರಿಲ್ 28ರಂದು, 47ರ ವಯಸ್ಸಿನಲ್ಲಿ, ತೀರಿಕೊಂಡರು. ಚಾರ್ಲ್ಸ್ 2011ರ ಜೂನ್ 27ರಂದು ರಾಲಿಯಲ್ಲಿ ತಾವೇ ಓಡಿಸುತ್ತಿದ್ದ ಬಸ್ಸಿನ ಅಪಘಾತದಲ್ಲಿ ಸತ್ತರು.

2013ರಲ್ಲಿ ಜೊನಾಥನ್ ಹಾಕ್ ನಿರ್ದೇಶನದ ‘ಸರ್ವೈವ್ ಅಂಡ್ ಅಡ್ವಾನ್ಸ್’ ಸಾಕ್ಷ್ಯಚಿತ್ರ ಆಟಗಾರರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಮಾತಾಡಿಸಿತು. ನಡುವಿನ ತಿಂಗಳುಗಳ ಬಗ್ಗೆಯೂ ಆಟಗಾರರ ಬಾಯಿಮಾತು ಅದರಲ್ಲಿ ದಾಖಲಾಯಿತು. 2016ರಲ್ಲಿ, ಗೆದ್ದು 33 ವರ್ಷಗಳಾದ ಮೇಲೆ, ಶ್ವೇತಭವನದಲ್ಲಿ ಅಧ್ಯಕ್ಷ ಬರಾಕ್ ಒಬಾಮ ತಂಡವನ್ನು ಬರಮಾಡಿಕೊಂಡರು. 2024ರ ಏಪ್ರಿಲ್‌ನಲ್ಲಿ ವುಲ್ಫ್‌ಪ್ಯಾಕ್ 1983ರ ನಂತರ ಮೊದಲ ಬಾರಿ ರಾಷ್ಟ್ರೀಯ ಸೆಮಿಫೈನಲ್ ತಲುಪಿ, ಪರ್ಡ್ಯೂ ಎದುರು 63–50ರಿಂದ ಸೋತಿತು. ಅದೇ ಜೂನ್‌ನಲ್ಲಿ 1983ರ ತಂಡದ ಹತ್ತು ಮಂದಿ, ತಮ್ಮ ಹೆಸರು ಮತ್ತು ಆ ಕಡೆಯ ಹೊಡೆತದ ಚಿತ್ರಿಕೆಯನ್ನು ನಾಲ್ಕು ದಶಕ ಬಳಸಿಕೊಂಡರೂ ತಮಗೆ ಏನೂ ಕೊಡಲಿಲ್ಲವೆಂದು ಎನ್‌ಸಿಎಎ ವಿರುದ್ಧ ಮೊಕದ್ದಮೆ ಹೂಡಿದರು. 2025ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು.