ಚೆಕ್ ಜೊತೆಗೆ ಷರತ್ತು ಕಳಿಸಿದ ಹೆಣ್ಣುಮಗಳು

ಕರ್ನಾಟಕದಲ್ಲಿ ‘ಡೊನೇಷನ್’ ಅಂದ ತಕ್ಷಣ ನಿಮ್ಮ ತಲೆಗೆ ಏನು ಬರುತ್ತೆ? ದಾನ ಅನ್ನೋ ಅರ್ಥ ಬರೋದಿಲ್ಲ, ಸೀಟು ಬರುತ್ತೆ. "ಅವರ ಮಗನಿಗೆ ಮೆಡಿಕಲ್ ಸಿಕ್ತಂತೆ, ಎಷ್ಟು ಡೊನೇಷನ್ ಕೊಟ್ರಂತೆ?" ಅಂತ ಮದುವೆಮನೆ ಪಂಕ್ತಿಯಲ್ಲಿ ಕೂತವರು ಪಕ್ಕದವರನ್ನು ಕೇಳ್ತಾರೆ. ಕೇಳೋರಿಗೂ ಸಂಕೋಚ ಇಲ್ಲ, ಹೇಳೋರಿಗೂ ಇಲ್ಲ. ಜಗತ್ತಿನ ಬೇರೆ ಕಡೆ ದಾನ ಅನ್ನೋ ಅರ್ಥ ಕೊಡುವ ಒಂದು ಪದಕ್ಕೆ ನಾವು ಸೀಟಿನ ಬೆಲೆ ಅನ್ನೋ ಅರ್ಥ ಕೊಟ್ಟು ದಶಕಗಳೇ ಆಗಿವೆ.

ಇವತ್ತು ನಾನು ನಿಮಗೆ ನಿಜವಾದ ಒಂದು ಡೊನೇಷನ್ ಕಥೆ ಹೇಳ್ತೀನಿ. ಅದು ಮೆಡಿಕಲ್ ಕಾಲೇಜಿಗೇ ಕೊಟ್ಟ ಡೊನೇಷನ್. ಆದರೆ ಕೊಟ್ಟವರು ತಮಗೆ ಸೀಟು ಕೇಳಲಿಲ್ಲ. ದುಡ್ಡಿದ್ದ ಮಾತ್ರಕ್ಕೆ ಯಾರಿಗೂ ಸೀಟು ಸಿಗದ ಹಾಗೆ ಮಾಡಿದರು.

ಕಥೆ ಶುರುವಾಗೋದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಲ್ಲಿ ಜಾನ್ಸ್ ಹಾಪ್ಕಿನ್ಸ್ ಅಂತ ಒಬ್ಬ ದೊಡ್ಡ ವ್ಯಾಪಾರಿ ಇದ್ದರು. ದಿನಸಿ ಸಗಟು ವ್ಯಾಪಾರದಿಂದ ಶುರು ಮಾಡಿ, ರೈಲ್ವೆ ಷೇರುಗಳಲ್ಲಿ ದುಡ್ಡು ಹಾಕಿ, ಬೆಳೆದವರು. ಮದುವೆ ಆಗಲಿಲ್ಲ. 1873ರಲ್ಲಿ ತೀರಿಕೊಂಡಾಗ ಸುಮಾರು 70 ಲಕ್ಷ ಡಾಲರ್ ಬರೆದಿಟ್ಟು ಹೋಗಿದ್ದರು. ಅರ್ಧ ಒಂದು ವಿಶ್ವವಿದ್ಯಾಲಯಕ್ಕೆ, ಅರ್ಧ ಒಂದು ಆಸ್ಪತ್ರೆಗೆ. ಎರಡನ್ನೂ ಸೇರಿಸುವ ಕೊಂಡಿಯಾಗಿ ಒಂದು ಮೆಡಿಕಲ್ ಸ್ಕೂಲ್ ಬರಬೇಕು ಅನ್ನೋದು ಅವರ ಆಸೆ.

ವಿಶ್ವವಿದ್ಯಾಲಯ 1876ರಲ್ಲಿ ಬಾಗಿಲು ತೆರೆಯಿತು. ಆಸ್ಪತ್ರೆ 1889ರಲ್ಲಿ ತೆರೆಯಿತು. ವಿಲಿಯಂ ವೆಲ್ಚ್, ವಿಲಿಯಂ ಆಸ್ಲರ್, ವಿಲಿಯಂ ಹಾಲ್ಸ್ಟೆಡ್ ಅಂಥ ಘಟಾನುಘಟಿ ವೈದ್ಯರು ಬಂದು ಕೂತರು. ಆದರೆ ಮೆಡಿಕಲ್ ಸ್ಕೂಲ್ ಮಾತ್ರ ಇಲ್ಲ! ಮೇಷ್ಟ್ರು ಇದ್ದಾರೆ, ವಾರ್ಡು ಇದೆ, ರೋಗಿಗಳಿದ್ದಾರೆ, ವಿದ್ಯಾರ್ಥಿಗಳಿಲ್ಲ. ಯಾಕೆ? ದುಡ್ಡಿಲ್ಲ.

70 ಲಕ್ಷ ಡಾಲರ್ ಎಲ್ಲಿ ಹೋಯ್ತು ಅಂತ ನೀವು ಕೇಳಬಹುದು. ವಿಶ್ವವಿದ್ಯಾಲಯದ ಪಾಲು ಬಹುಮಟ್ಟಿಗೆ ಒಂದೇ ಕಂಪನಿಯ ಷೇರುಗಳಲ್ಲಿತ್ತು. ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆ. ಈ ಷೇರು ಮಾರಬೇಡಿ ಅಂತ ಹಾಪ್ಕಿನ್ಸ್ ಅವರೇ ಸಲಹೆ ಕೊಟ್ಟು ಹೋಗಿದ್ದರು. 1880ರ ದಶಕದ ಕೊನೆಗೆ ಆ ಕಂಪನಿ ಕಷ್ಟಕ್ಕೆ ಸಿಕ್ಕಿತು, ಡಿವಿಡೆಂಡ್ ನಿಂತಿತು. ನಾನು ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು. ನಮ್ಮ ಭಾಷೆಯಲ್ಲಿ ಇದಕ್ಕೆ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತಾರೆ. ಒಂದೇ ಕಂಬದ ಮೇಲೆ ಇಡೀ ಚಾವಣಿ ನಿಲ್ಲಿಸಿದರೆ ಏನಾಗುತ್ತೋ ಅದೇ ಆಯ್ತು.

ಈಗ ಬರ್ತಾರೆ ನಮ್ಮ ಕಥಾನಾಯಕಿ. ಹೆಸರು ಮೇರಿ ಎಲಿಜಬೆತ್ ಗ್ಯಾರೆಟ್. ಹುಟ್ಟಿದ್ದು 1854. ಆಕೆಯ ತಂದೆ ಜಾನ್ ವರ್ಕ್ ಗ್ಯಾರೆಟ್ ಯಾರು ಗೊತ್ತಾ? ಅದೇ ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಯ ಅಧ್ಯಕ್ಷರು! ಮಗಳು ಅಪ್ಪನ ಜೊತೆ ಕೂತು ಕಾಗದ ಪತ್ರ ಬರೆದಳು, ವ್ಯವಹಾರದ ಒಳಗುಟ್ಟು ಕಲಿತಳು. ಇವಳು ಗಂಡಾಗಿ ಹುಟ್ಟಬೇಕಿತ್ತು ಅಂತ ಅಪ್ಪ ಕೊರಗುತ್ತಿದ್ದರಂತೆ. ಓದುವ ಆಸೆ ಆಕೆಗೆ ಬಹಳ ಇತ್ತು. ಅಪ್ಪನೇ ಟ್ರಸ್ಟಿ ಆಗಿದ್ದ ವಿಶ್ವವಿದ್ಯಾಲಯ ಊರಲ್ಲೇ ಇತ್ತು. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಇಲ್ಲ. 1884ರಲ್ಲಿ ಅಪ್ಪ ತೀರಿಕೊಂಡರು. ಕುಟುಂಬದ ಆಸ್ತಿಯಲ್ಲಿ ದೊಡ್ಡ ಪಾಲು ಮಗಳಿಗೂ ಬಂತು.

ಮೇರಿಯ ಗೆಳತಿ ಕ್ಯಾರಿ ಥಾಮಸ್ ಕಥೆ ಇನ್ನೂ ಕಹಿ. ಈಕೆಯ ತಂದೆಯೂ ಹಾಪ್ಕಿನ್ಸ್ ಟ್ರಸ್ಟಿ. ಆಕೆ ಅಲ್ಲಿ ಸ್ನಾತಕೋತ್ತರ ಓದಿಗೆ ಪ್ರಯತ್ನಿಸಿದರು. ಆದರೆ ಗಂಡುಮಕ್ಕಳ ಜೊತೆ ತರಗತಿಯಲ್ಲಿ ಕೂರುವಂತಿಲ್ಲ ಅಂದರು. ಆಕೆ ಬಿಟ್ಟು ಯುರೋಪಿಗೆ ಹೋಗಿ, 1882ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಅತ್ಯುನ್ನತ ಶ್ರೇಣಿಯಲ್ಲಿ ಪಿಎಚ್‌ಡಿ ತಂದರು.

ಇವರಿಬ್ಬರ ಜೊತೆ ಮೇರಿ ಗ್ವಿನ್, ಎಲಿಜಬೆತ್ ಕಿಂಗ್ ಸೇರಿಕೊಂಡರು. ನಾಲ್ಕೂ ಜನ ಟ್ರಸ್ಟಿಗಳ ಹೆಣ್ಣುಮಕ್ಕಳೇ. ಅಪ್ಪಂದಿರು ಮೀಟಿಂಗ್ ಮಾಡಿ ಮಾಡಿ ದುಡ್ಡಿಗೆ ದಾರಿ ಕಾಣದೆ ಕೂತಿದ್ದಾರೆ. ಮಕ್ಕಳಿಗೆ ಗೊತ್ತಾಯ್ತು, ಹೊಡೆಯೋದಾದ್ರೆ ಇದೇ ಸಮಯ ಅಂತ. 1890ರಲ್ಲಿ ಅವರು ಒಂದು ನಿಧಿ ಸಮಿತಿ ಕಟ್ಟಿದರು. ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಹೀಗೆ ಊರೂರಲ್ಲಿ ಮಹಿಳಾ ಸಮಿತಿಗಳಾದವು. ಆಗಿನ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಪತ್ನಿ ಕ್ಯಾರೊಲಿನ್ ಹ್ಯಾರಿಸನ್ ಕೂಡ ಕೈಜೋಡಿಸಿದರು. ಫೋನ್ ಪೇ ಇಲ್ಲ, ವಾಟ್ಸಾಪ್ ಗ್ರೂಪ್ ಇಲ್ಲ. ಕಾಗದ ಬರೆದು, ಮನೆಮನೆಗೆ ಹೋಗಿ ಎತ್ತಿದ ಚಂದಾ ಅದು. ಕೆಲವೇ ತಿಂಗಳಲ್ಲಿ ಒಂದು ಲಕ್ಷ ಡಾಲರ್ ಕೂಡಿಸಿದರು. ಅದರಲ್ಲಿ ಅರ್ಧಕ್ಕೆ ಹತ್ತಿರ ಮೇರಿಯದೇ ದುಡ್ಡು.

ದುಡ್ಡಿನ ಜೊತೆ ಒಂದೇ ಒಂದು ಷರತ್ತು. ಗಂಡಸರಿಗೆ ಯಾವ ನಿಯಮವೋ ಅದೇ ನಿಯಮದ ಮೇಲೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕು.

ಟ್ರಸ್ಟಿಗಳು ಏನು ಮಾಡಿದರು? ದುಡ್ಡು ಬೇಡ ಅನ್ನೋ ಧೈರ್ಯ ಇಲ್ಲ. ಷರತ್ತು ಒಪ್ಪೋ ಮನಸ್ಸೂ ಇಲ್ಲ. "ಒಪ್ಪಿದ್ದೇವೆ, ಆದರೆ ನಿಧಿ ಐದು ಲಕ್ಷ ಆದ ಮೇಲೆ ಮಾತ್ರ ಸ್ಕೂಲ್ ತೆರೀತೇವೆ" ಅಂದರು. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ಉತ್ತರ ಹೊಸದೇನಲ್ಲ. ಇಲ್ಲ ಅನ್ನೋದಿಲ್ಲ, ಇನ್ನೊಂದು ದಾಖಲೆ ತನ್ನಿ ಅಂತಾರೆ. ಬಂದವರು ಸುಸ್ತಾಗಿ ತಾವೇ ವಾಪಸ್ ಹೋಗ್ತಾರೆ ಅನ್ನೋ ಲೆಕ್ಕ.

ಮೇರಿ ಸುಸ್ತಾಗಲಿಲ್ಲ. 1892ರ ಡಿಸೆಂಬರ್‌ನಲ್ಲಿ ಕಡಿಮೆ ಬಿದ್ದ ಮೊತ್ತ ಪೂರ್ತಿ ತಾನೇ ಕೊಡ್ತೀನಿ ಅಂದಳು. 3,06,977 ಡಾಲರ್! ರೈಲ್ವೆ ಮುಗ್ಗರಿಸಿ ನಿಂತುಹೋಗಿದ್ದ ಕಾಲೇಜನ್ನು, ಅದೇ ರೈಲ್ವೆಯಿಂದ ಬೆಳೆದ ಮನೆತನದ ಹೆಣ್ಣುಮಗಳ ದುಡ್ಡು ಎತ್ತಿ ನಿಲ್ಲಿಸಿತು.

ಈ ಸಲ ಷರತ್ತುಗಳ ಪಟ್ಟಿ ಉದ್ದವಾಗಿತ್ತು. ಇದು ಬರೀ ಹೆಣ್ಣುಮಕ್ಕಳ ವಿಷಯ ಆಗಿರಲಿಲ್ಲ. ಸೇರುವವರಿಗೆ ಮೊದಲೇ ಒಂದು ಪದವಿ ಇರಬೇಕು. ವಿಜ್ಞಾನ ಓದಿರಬೇಕು. ಫ್ರೆಂಚ್, ಜರ್ಮನ್ ಓದಲು ಬರಬೇಕು. ಕೋರ್ಸ್ ನಾಲ್ಕು ವರ್ಷದ್ದಾಗಿರಬೇಕು. ಷರತ್ತು ಮುರಿದರೆ? ದುಡ್ಡು ವಾಪಸ್!

ಇದು ಎಂಥ ಕ್ರಾಂತಿ ಅಂತ ಅರ್ಥ ಆಗಬೇಕಾದರೆ ಆ ಕಾಲದ ಅಮೆರಿಕದ ಮೆಡಿಕಲ್ ಕಾಲೇಜುಗಳು ಹೇಗಿದ್ದವು ಅಂತ ನೋಡಬೇಕು. ಬಹುಪಾಲು ಕಾಲೇಜುಗಳು ವೈದ್ಯರೇ ಸೇರಿ ನಡೆಸುತ್ತಿದ್ದ ಖಾಸಗಿ ಅಂಗಡಿಗಳು. ಫೀಸ್ ನೇರವಾಗಿ ಮೇಷ್ಟ್ರ ಜೇಬಿಗೆ. ಉಪನ್ಯಾಸಕ್ಕೆ ಟಿಕೆಟ್ ತಗೊಂಡು ಹೋಗಿ ಕೂತರೆ ಆಯ್ತು. ಎಷ್ಟೋ ಕಡೆ ಹೈಸ್ಕೂಲ್ ಮುಗಿಸಿರಬೇಕು ಅಂತಲೂ ಕೇಳುತ್ತಿರಲಿಲ್ಲ. ರೋಗಿಯನ್ನು ಸರಿಯಾಗಿ ಮುಟ್ಟಿ ನೋಡದೆಯೇ ಡಾಕ್ಟರ್ ಆಗಿ ಹೊರಗೆ ಬರಬಹುದಿತ್ತು. ಅಂದರೆ ನಾವು ಇವತ್ತು ಬೈಯುವ ಕ್ಯಾಪಿಟೇಷನ್ ಅಂಗಡಿಗಳ ತಾತ ಮುತ್ತಾತಂದಿರು ಅಲ್ಲೇ ಇದ್ದರು!

ತಮಾಷೆ ಏನು ಗೊತ್ತಾ? ಈ ಕಠಿಣ ಪ್ರವೇಶ ನಿಯಮಗಳು ಮೇರಿ ಹುಟ್ಟುಹಾಕಿದ್ದಲ್ಲ. ಆದರ್ಶ ಮೆಡಿಕಲ್ ಸ್ಕೂಲ್ ಹೇಗಿರಬೇಕು ಅಂತ ವೆಲ್ಚ್ ಅವರೇ ಹಿಂದೆ ಮಾಡಿಟ್ಟ ಯೋಜನೆಯಲ್ಲಿ ಇದ್ದ ಮಾತುಗಳವು. ಪ್ರೊಫೆಸರ್‌ಗಳು ಕಾಗದದ ಮೇಲೆ ಬರೆದಿದ್ದನ್ನು ಈಕೆ ನಿಜ ಅಂತ ಹಿಡಿದುಕೊಂಡಳು. "ಇಷ್ಟು ಬಿಗಿ ಮಾಡಿದರೆ ಯಾರು ಬರ್ತಾರಮ್ಮ?" ಅಂತ ಅವರಿಗೇ ಭಯ ಆಯ್ತು. ನಾವು ಮೇಷ್ಟ್ರಾಗಿ ಒಳಗೆ ಬಂದಿದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬಂದಿದ್ದರೆ ನಮಗೇ ಸೀಟು ಸಿಗುತ್ತಿರಲಿಲ್ಲ ಅಂತ ಆಸ್ಲರ್ ವೆಲ್ಚ್ ಹತ್ತಿರ ಚಟಾಕಿ ಹಾರಿಸಿದ್ದರು ಅನ್ನೋದು ಅಲ್ಲಿ ಇವತ್ತಿಗೂ ಹೇಳುವ ಕಥೆ.

1893ರ ಅಕ್ಟೋಬರ್‌ನಲ್ಲಿ ಸ್ಕೂಲ್ ತೆರೆಯಿತು. ಮೊದಲ ಬ್ಯಾಚ್‌ನಲ್ಲಿ 18 ಜನ. ಅವರಲ್ಲಿ 3 ಜನ ಹೆಣ್ಣುಮಕ್ಕಳು. ಸಂಖ್ಯೆ ಚಿಕ್ಕದು ಅನ್ನಿಸಬಹುದು. ಮುಂದೆ ನೋಡಿ.

ಫ್ಲಾರೆನ್ಸ್ ಸೇಬಿನ್ ಇಲ್ಲಿ ಓದಿ 1900ರಲ್ಲಿ ಪದವಿ ಪಡೆದರು. 1917ರಲ್ಲಿ ಇಲ್ಲಿಯೇ ಪೂರ್ಣ ಪ್ರೊಫೆಸರ್ ಆದ ಮೊದಲ ಮಹಿಳೆ. 1925ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವರೇ. ಹೆಲೆನ್ ಟಾಸಿಗ್ 1927ರಲ್ಲಿ ಇಲ್ಲಿಂದ ವೈದ್ಯರಾದರು. ಹುಟ್ಟುವಾಗಲೇ ಹೃದಯದ ದೋಷ ಇದ್ದು, ಆಮ್ಲಜನಕ ಸಾಲದೆ ಮೈ ನೀಲಿಗಟ್ಟಿ ಸಾಯುತ್ತಿದ್ದ ಮಕ್ಕಳಿಗೆ ಒಂದು ದಾರಿ ಇದೆ ಅಂತ ಯೋಚಿಸಿದ್ದು ಆಕೆ. 1944ರ ನವೆಂಬರ್‌ನಲ್ಲಿ ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್ ಆ ಆಪರೇಷನ್ ಮಾಡಿದರು. ಇವತ್ತು ಬಿ.ಟಿ. ಷಂಟ್ ಅಂತ ಮಕ್ಕಳ ಹೃದಯದ ಡಾಕ್ಟರುಗಳು ಹೇಳ್ತಾರಲ್ಲ, ಅದರಲ್ಲಿರುವ ‘ಟಿ’ ಈ ಟಾಸಿಗ್. 1892ರ ಆ ಷರತ್ತು ಇಲ್ಲದಿದ್ದರೆ ಆಕೆಗೆ ಈ ಕಾಲೇಜಿನ ಬಾಗಿಲು ತೆರೆಯುತ್ತಿತ್ತಾ? ಸುಲಭಕ್ಕೆ ತೆರೆಯುತ್ತಿರಲಿಲ್ಲ ಅನ್ನೋದಕ್ಕೆ ಪುರಾವೆ ಆ ಕ್ಯಾಂಪಸ್‌ನಲ್ಲೇ ಇದೆ. ಮೆಡಿಕಲ್ ಸ್ಕೂಲ್ 1893ರಲ್ಲೇ ಹೆಣ್ಣುಮಕ್ಕಳನ್ನು ತಗೊಂಡಿತು. ಅದೇ ವಿಶ್ವವಿದ್ಯಾಲಯ ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದು ಯಾವಾಗ? 1970ರಲ್ಲಿ! 77 ವರ್ಷದ ವ್ಯತ್ಯಾಸ. ಷರತ್ತು ಇದ್ದ ಕಡೆ ಬಾಗಿಲು ತೆರೀತು, ಇಲ್ಲದ ಕಡೆ ಮೂರು ತಲೆಮಾರು ಕಾಯಬೇಕಾಯ್ತು.

ಆದರೆ ಇದನ್ನು ಬರೀ ಹೊಗಳಿಕೆಯ ಕಥೆ ಮಾಡಿ ಮುಗಿಸೋದಕ್ಕೆ ನನಗೆ ಮನಸ್ಸಿಲ್ಲ. ಮೇರಿಯ ಷರತ್ತಿನಲ್ಲಿ ಹೆಣ್ಣುಮಕ್ಕಳಿದ್ದರು, ಕಪ್ಪು ಜನ ಇರಲಿಲ್ಲ. ಟಾಸಿಗ್–ಬ್ಲೇಲಾಕ್ ಆಪರೇಷನ್‌ಗೆ ಪ್ರಯೋಗಾಲಯದಲ್ಲಿ ತಂತ್ರ ರೂಪಿಸಿ, ಆಪರೇಷನ್ ಹೊತ್ತಲ್ಲಿ ಬ್ಲೇಲಾಕ್ ಹಿಂದೆ ನಿಂತು ಹೇಳಿಕೊಟ್ಟವರು ವಿವಿಯನ್ ಥಾಮಸ್ ಅನ್ನೋ ಕಪ್ಪು ವರ್ಣದ ತಂತ್ರಜ್ಞ. ಕಾಲೇಜು ಓದಲು ಅವರ ಹತ್ತಿರ ದುಡ್ಡಿರಲಿಲ್ಲ. ಆ ಮೆಡಿಕಲ್ ಸ್ಕೂಲಿನಿಂದ ಕಪ್ಪು ವಿದ್ಯಾರ್ಥಿಗಳು ಮೊದಲ ಬಾರಿ ಡಾಕ್ಟರಾಗಿ ಹೊರಬಂದಿದ್ದು 1967ರಲ್ಲಿ. ಇನ್ನೊಂದು ಮಾತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಕಾಲೇಜುಗಳ ವರದಿ ಬರೆದಾಗ ಹಾಪ್ಕಿನ್ಸನ್ನೇ ಮಾದರಿ ಅಂದರು. ಅಂಗಡಿ ಕಾಲೇಜುಗಳು ಸಾಲಾಗಿ ಮುಚ್ಚಿದವು, ಒಳ್ಳೇದೇ ಆಯ್ತು. ಆದರೆ ಅದರ ಜೊತೆಗೆ ಕಪ್ಪು ಜನರಿಗಾಗಿ ಇದ್ದ 7 ಕಾಲೇಜುಗಳಲ್ಲಿ 5 ಮುಚ್ಚಿಹೋದವು. ದಾನಿ ಷರತ್ತಿನಲ್ಲಿ ಯಾರ ಹೆಸರು ಬರೆಯುತ್ತಾನೋ ಅವರಿಗೆ ಬಾಗಿಲು ತೆರೆಯುತ್ತೆ. ಯಾರ ಹೆಸರು ಮರೀತಾನೋ ಅವರು ಹೊರಗೇ ನಿಲ್ತಾರೆ.

ನಮ್ಮ ದೇಶದಲ್ಲಿ ಇಂಥ ಷರತ್ತಿನ ದಾನ ಆಗಿಲ್ವಾ? ಆಗಿದೆ. ಮುಂಬೈಯ ಕೆಇಎಂ ಆಸ್ಪತ್ರೆ ಜೊತೆಗಿರುವ ಸೇಠ್ ಗೋರ್ಧನದಾಸ್ ಸುಂದರದಾಸ್ ಮೆಡಿಕಲ್ ಕಾಲೇಜು 1926ರಲ್ಲಿ ಶುರುವಾಯ್ತು. ಬ್ರಿಟಿಷರ ಕಾಲ. ದೊಡ್ಡ ಹುದ್ದೆಗಳೆಲ್ಲ ಬಿಳಿಯರಿಗೆ. ದುಡ್ಡು ಕೊಟ್ಟ ಟ್ರಸ್ಟ್ ಏನು ಹೇಳಿತು ಗೊತ್ತಾ? ಇಲ್ಲಿ ಪಾಠ ಮಾಡುವವರು ಅರ್ಹ ಭಾರತೀಯರೇ ಆಗಿರಬೇಕು! ಬಂದೂಕಿಲ್ಲ, ಘೋಷಣೆ ಇಲ್ಲ, ಒಂದು ಕರಾರುಪತ್ರದ ಸಾಲಿನಲ್ಲಿ ಮಾಡಿದ ಸ್ವಾತಂತ್ರ್ಯ ಹೋರಾಟ ಅದು.

ನಮ್ಮ ಬೆಂಗಳೂರಿಗೆ ಬನ್ನಿ. ಜೆಮ್‌ಷೆಡ್‌ಜಿ ಟಾಟಾ ಅವರ ದಾನ, ಮೈಸೂರು ಅರಸರು ಕೊಟ್ಟ 371 ಎಕರೆ ಜಾಗ, ಇವುಗಳಿಂದ ಎದ್ದು ನಿಂತಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1933ರಲ್ಲಿ ಕಮಲಾ ಭಾಗವತ್ ಅನ್ನೋ ಹುಡುಗಿ ಅಲ್ಲಿಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನೋ ಕಾರಣಕ್ಕೆ ಸಿ.ವಿ. ರಾಮನ್ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಹಟ ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅಂತ ಒಳಗೆ ಬಿಟ್ಟರು. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದ ಈಕೆ 1939ರಲ್ಲಿ ಕೇಂಬ್ರಿಡ್ಜ್ ಪಿಎಚ್‌ಡಿ ತಂದರು. ಮೇರಿ ಗ್ಯಾರೆಟ್ ಬರೆಸಿದಂಥ ಒಂದೇ ಒಂದು ಸಾಲು ಬೆಂಗಳೂರಿನಲ್ಲೂ ಇದ್ದಿದ್ದರೆ ಆ ಹುಡುಗಿ ಬಾಗಿಲಲ್ಲಿ ನಿಂತು ಜಗಳ ಮಾಡಬೇಕಿರಲಿಲ್ಲ.

ಮೇರಿ ಚೆಕ್ ಬರೆದ ನೂರು ವರ್ಷಕ್ಕೆ ಸರಿಯಾಗಿ, 1992ರಲ್ಲಿ ನಮ್ಮ ರಾಜ್ಯದ ಹೆಸರು ಸುಪ್ರೀಂ ಕೋರ್ಟ್‌ನಲ್ಲಿ ಕೇಳಿಬಂತು. ಮೋಹಿನಿ ಜೈನ್ ಪ್ರಕರಣ. ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾಯ್ದೆ ನಮ್ಮಲ್ಲಿ 1984ರಲ್ಲೇ ಬಂದಿತ್ತು. ಆದರೂ ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕನ್ನಡ ನಾಡಿನವರಿಗೆ 25,000, ಹೊರರಾಜ್ಯದವರಿಗೆ 60,000 ಅಂತ ಸರ್ಕಾರವೇ ಅಧಿಸೂಚನೆ ಹೊರಡಿಸಿತ್ತು. ಫೀಸ್ ಹೆಸರಿನಲ್ಲಿ ನಡೆಯುವ ಕ್ಯಾಪಿಟೇಷನ್ನೇ ಇದು ಅಂತ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೆ 1994ರಲ್ಲಿ ಸಿಇಟಿ. ದುಡ್ಡಿಲ್ಲದ ಮನೆಯ ಮಕ್ಕಳೂ ರ‍್ಯಾಂಕ್ ಹಿಡ್ಕೊಂಡು ಕೌನ್ಸೆಲಿಂಗ್ ಸಾಲಲ್ಲಿ ನಿಂತಿದ್ದು ಹೀಗೆ. ಆ ಸಾಲಲ್ಲಿ ನಿಂತು ಸೀಟು ತಗೊಂಡ ಲಕ್ಷಾಂತರ ಮಕ್ಕಳಲ್ಲಿ ನಾನೂ ಒಬ್ಬ. ಹಾಗಾಗಿ ಈ ವಿಷಯ ಮಾತಾಡುವಾಗ ನಾನು ತಟಸ್ಥ ಅಂತ ಹೇಳಿಕೊಳ್ಳೋದಿಲ್ಲ.

ಈಗ ಹೊಸ ಕಾಲ ಬಂದಿದೆ. 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ಈ ಎರಡು ದಂಪತಿಗಳು ಸೇರಿ ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ರೂಪಾಯಿ ಘೋಷಿಸಿದರು. 800 ಹಾಸಿಗೆಯ ಆಸ್ಪತ್ರೆ, ಅದರ ಜೊತೆಗೆ ಸ್ನಾತಕೋತ್ತರ ವೈದ್ಯ ಶಿಕ್ಷಣ, ಸಂಶೋಧನೆ. ಅಪ್ಪಟ ಡೊನೇಷನ್. ಈ ನಾಡಿನಲ್ಲಿ ಆ ಪದಕ್ಕೆ ಅದರ ಮೂಲ ಅರ್ಥ ವಾಪಸ್ ತಂದುಕೊಡುವ ಕೆಲಸ ಅದು.

ಊರಿನ ಕಾಲೇಜಿಗೆ ನಾಳೆ ನೀವೇ ಸಾವಿರ ರೂಪಾಯಿ ಚಂದಾ ಕೊಡಬಹುದು, ಹಳೇ ವಿದ್ಯಾರ್ಥಿ ಸಂಘದಿಂದ ಒಂದು ಲಕ್ಷ ಕೊಡಬಹುದು. ಕೊಡಿ. ಆದರೆ ಗೋಡೆ ಮೇಲೆ ಹೆಸರು ಕೆತ್ತಿಸೋದು ಎಲ್ಲಿ ಅಂತ ಕೇಳೋ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಈ ದುಡ್ಡಿನಿಂದ, ಇವತ್ತು ಗೇಟಿನ ಹೊರಗೆ ನಿಂತಿರೋ ಯಾವ ಮಗು ಒಳಗೆ ಬರುತ್ತೆ? ಉತ್ತರ ಬಾಯಿಮಾತಲ್ಲಿ ಬೇಡ. ಬರವಣಿಗೆಯಲ್ಲಿ ಕೊಡಿ ಅನ್ನಿ.