ಕ್ರೋಶಾ ಕಡ್ಡಿಯ ಚರಿತ್ರೆ



ತಾಯಿಯವರ ಕೈಯಲ್ಲಿ ಕ್ರೋಶಾ ಕಡ್ಡಿಯನ್ನು ಬಾಲ್ಯದಲ್ಲಿ ದಿನವೂ ಕಂಡಿದ್ದರೂ ನಾನದನ್ನು ಕಲಿಯಲಿಲ್ಲ; ಅದು ಹೆಣ್ಣುಮಕ್ಕಳ ಕೆಲಸವೆಂಬ ಭಾವನೆಯಿತ್ತು. ಈ ಭಾವನೆ ನಮ್ಮವರದು ಮಾತ್ರವಲ್ಲ. ಪ್ರಷ್ಯಾ ಸರ್ಕಾರವು 1872ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಸೂಜಿಗೆಲಸವನ್ನು ಕಡ್ಡಾಯಗೊಳಿಸಿದಾಗ ಬಾಲಕಿಯರಿಗಷ್ಟೇ ವಿಧಿಸಿತು. ಅದಕ್ಕೂ ಮೊದಲೇ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತೆರೆದ ಬಾಲಿಕಾ ಶಾಲೆಗಳಲ್ಲಿ ಅಕ್ಷರದೊಡನೆ ಸೂಜಿದಾರವೂ ಕೈಸೇರಿತ್ತು. ಆ ಪಾದ್ರಿಗಳಲ್ಲಿ ಅನೇಕರು ಈ ನಾಡಿನ ವುರ್ಟೆಂಬರ್ಗ್ ಪ್ರಾಂತದವರು. ಮೋಗ್ಲಿಂಗ್, ಕಿಟ್ಟೆಲ್ ಅವರನ್ನು ನಾವು ಸ್ಮರಿಸುತ್ತೇವೆ. ಬಾಲಿಕೆಯರಿಗೆ ಹೊಲಿಗೆ ಕಲಿಸಿದ ಪಾದ್ರಿಪತ್ನಿಯರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು?

ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ರಚಿಸಿದನು. ಕ್ರೋಶಾ ಮಾತ್ರ ಕೈಯಲ್ಲೇ ಉಳಿಯಿತು. ಏಕೆಂದರೆ ಇಲ್ಲಿ ಒಂದೊಂದು ಕುಣಿಕೆಯನ್ನೂ ಮುಗಿಸಿಯೇ ಮುಂದಕ್ಕೆ ಹೋಗಬೇಕು, ಕೊಕ್ಕೆಯು ಪ್ರತಿಸಲವೂ ಕೆಳಸಾಲಿನೊಳಗೆ ತೂರಿ ದಾರವನ್ನು ಸೆಳೆದು ತರಬೇಕು. ಇತ್ತೀಚೆಗಷ್ಟೇ ಬೀಲೆಫೆಲ್ಡಿನ ಸಂಶೋಧಕರು ಮಾದರಿ ಯಂತ್ರವೊಂದನ್ನು ರೂಪಿಸಿದ್ದಾರೆ.

ಕಳೆದ ಚಳಿಗಾಲದಲ್ಲಿ ನೆರೆಮನೆಯ ವೃದ್ಧೆಯೊಬ್ಬರು ನನಗೆ ತ್ರಿಕೋನ ಶಾಲು ಕಲಿಸಿದರು. ಕುತ್ತಿಗೆಯ ಮಧ್ಯದಿಂದ ಆರಂಭ. ಪ್ರತಿ ಸಾಲಿನಲ್ಲೂ ಎರಡು ಅಂಚುಗಳಲ್ಲಿ ಮತ್ತು ನಡುವೆ ಕುಣಿಕೆಗಳನ್ನು ಹೆಚ್ಚಿಸುತ್ತ ಹೋಗಬೇಕು. ಶಸ್ತ್ರಕ್ರಿಯೆಯ ಗಂಟು ಬಲ್ಲ ಬೆರಳುಗಳೆಂಬ ನನ್ನ ಹೆಮ್ಮೆ ಹತ್ತನೆಯ ಸಾಲಿಗೇ ಇಳಿಯಿತು. ಸಾಲಿನ ಕೊನೆಯ ಕುಣಿಕೆಯನ್ನು ಪ್ರತಿಸಲವೂ ಬಿಟ್ಟಿದ್ದರಿಂದ ಎರಡೂ ಬದಿಗಳು ಕುಗ್ಗಿಹೋಗಿದ್ದವು. ಪುಣ್ಯಕ್ಕೆ, ದಾರ ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ರೋಗಿಯ ವಿಷಯದಲ್ಲಿ ಆ ಅನುಕೂಲವಿಲ್ಲ. ನಾಲ್ಕು ಸಲ ಬಿಚ್ಚಿದೆ.

ದೂರವಾಣಿಯಲ್ಲಿ ತಾಯಿಯವರಿಗೆ ಈ ಸಂಗತಿ ತಿಳಿಸಿದೆ. ಅವರು ನಗಲಿಲ್ಲ. "ಈಗ ಎಷ್ಟನೆಯ ಸಾಲು?" ಎಂದು ಕೇಳಿದರು.