ಕೇರಿಯೊಳಗಿನ ಕ್ಯಾಮರಾ

ಸಮಾಜವು ತನ್ನ ಕಣ್ಣಿಗೆ ಬೀಳದಂತೆ ಮರೆಮಾಡಿಟ್ಟ ಎಡೆಗಳನ್ನು ಛಾಯಾಗ್ರಹಣವು ಕಂಡ ಬಗೆಯನ್ನು ಪರಿಶೀಲಿಸಿದರೆ, ಆ ಕಲೆಯ ಇತಿಹಾಸವು ಉಪಕರಣಗಳ ಸುಧಾರಣೆಗಿಂತಲೂ ಮಿಗಿಲಾಗಿ, ಕ್ಯಾಮರಾ ಯಾರ ಕೈಯಲ್ಲಿತ್ತು, ಯಾರ ಅಪ್ಪಣೆಯಿಂದ ಒಳಹೊಕ್ಕಿತು ಎಂಬುದರ ಇತಿಹಾಸವಾಗಿ ತೋರುತ್ತದೆ.

ಮೊದಲ ಘಟ್ಟದಲ್ಲಿ ಅಪ್ಪಣೆ ಆಡಳಿತದ್ದು. 1866ರ ಶಾಸನದನ್ವಯ ಕೆಡವಲು ಗೊತ್ತುಮಾಡಿದ್ದ ಗ್ಲಾಸ್ಗೋ ನಗರದ ಇಕ್ಕಟ್ಟಾದ ಓಣಿಗಳನ್ನು ನಗರ ಸುಧಾರಣಾ ಮಂಡಲಿಯ ಪರವಾಗಿ ಥಾಮಸ್ ಆನನ್ 1868ರಿಂದ 1871ರವರೆಗೆ ಚಿತ್ರಿಸಿದನು. ಗಾಜಿನ ಫಲಕದ ಮೇಲೆ ಬಹುಹೊತ್ತು ಬೆಳಕು ಬೀಳಬೇಕಾಗಿದ್ದ ಆ ಕಾಲದಲ್ಲಿ ಕಲ್ಲುಗೋಡೆಗಳು ಸ್ಫುಟವಾಗಿ ಮೂಡಿ, ಕದಲಿದ ನಿವಾಸಿಗಳು ಮಸುಕು ಛಾಯೆಗಳಾಗಿ ಉಳಿದರು. ಅದೇ ವೇಳೆಗೆ ಭಾರತದಲ್ಲಿ, 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂದು ವಿಂಗಡಿಸಿ ಆಳರಸರ ಮುಂದಿಟ್ಟಿತು.

ಎರಡನೆಯ ಘಟ್ಟ ಸುಧಾರಕರದು. 1887ರಲ್ಲಿ ಜರ್ಮನಿಯಲ್ಲಿ ಸಿದ್ಧವಾದ ಮೆಗ್ನೀಸಿಯಮ್ ಪುಡಿಯ ಮಿಂಚುಬೆಳಕನ್ನು ಹಿಡಿದು, ಪತ್ರಕರ್ತನಾದ ಜೇಕಬ್ ರೀಸ್ ನ್ಯೂಯಾರ್ಕಿನ ಬಡವರ ಬಿಡಾರಗಳಿಗೆ ನಡುರಾತ್ರಿಯಲ್ಲಿ ನುಗ್ಗಿದನು. ಕುರುಡ ಭಿಕ್ಷುಕರಿದ್ದ ಮನೆಯೊಂದಕ್ಕೆ ತನ್ನ ಪುಡಿಯಿಂದಲೇ ಬೆಂಕಿ ತಗುಲಿದ ಸಂಗತಿಯನ್ನು ಅವನೇ ಬರೆದಿಟ್ಟಿದ್ದಾನೆ. 1890ರಲ್ಲಿ ಹೊರಬಂದ ಅವನ ಗ್ರಂಥವು ಲೋಕದ ಕಣ್ತೆರೆಯಿಸಿತು. ಆ ನಗರದ ಕುಖ್ಯಾತ ಕೇರಿಯಾದ ಮಲ್ಬೆರಿ ಬೆಂಡ್ ನೆಲಸಮವಾಗಿ 1897ರಲ್ಲಿ ಅಲ್ಲಿ ಉದ್ಯಾನವೆದ್ದಿತು. ಉಪಕಾರವು ನಿಜ, ಆದರೆ ಬೆಳಕಿಗೆ ಬೆಚ್ಚಿ ಎದ್ದವರ ಸಮ್ಮತಿಯನ್ನು ಕೇಳಿದವರಿಲ್ಲ. 1908ರಿಂದ ಅಮೆರಿಕದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ದುಡಿದ ಲೂಯಿಸ್ ಹೈನ್ ಗಿರಣಿಗಳೊಳಗೆ ನೆವ ಹೇಳಿ ಹೊಕ್ಕರೂ, ಮಕ್ಕಳೊಡನೆ ಮಾತಾಡಿ ಅವರ ಹೆಸರು, ವಯಸ್ಸುಗಳನ್ನು ಬರೆದುಕೊಂಡನು. ಮಾದರಿಯಾಗಿದ್ದ ಮನುಷ್ಯನು ವ್ಯಕ್ತಿಯಾಗತೊಡಗಿದುದು ಇಲ್ಲಿ.

1970ರ ದಶಕದಲ್ಲಿ ಸುಧಾರಕರ ಈ ಕರುಣೆಯನ್ನೇ ವಿಮರ್ಶಕರು ಶಂಕಿಸಿದರು. ಕುಡುಕರ ಬೀದಿಯೆಂದು ಹೆಸರಾದ ನ್ಯೂಯಾರ್ಕಿನ ಬವರಿಯನ್ನು 1974-75ರಲ್ಲಿ ಚಿತ್ರಿಸಿದ ಮಾರ್ತಾ ರಾಸ್ಲರ್, ಬರಿಯ ಅಂಗಡಿಬಾಗಿಲುಗಳನ್ನು ತೋರಿಸಿ, ಮಗ್ಗುಲಲ್ಲಿ ಅಮಲನ್ನು ಸೂಚಿಸುವ ಪದಗಳನ್ನಿಟ್ಟು, ಮನುಷ್ಯರನ್ನು ಬೇಕೆಂದೇ ಕೈಬಿಟ್ಟಳು. ಇತ್ತ ಮೇರಿ ಎಲೆನ್ ಮಾರ್ಕ್, ಮುಂಬಯಿಯ ಫಾಕ್‌ಲಂಡ್ ರಸ್ತೆಯ ವೇಶ್ಯಾಗೃಹಗಳಲ್ಲಿ ಮೊದಲು ಬೈಗುಳವನ್ನೂ ಎರಚಿದ ನೀರನ್ನೂ ಸಹಿಸಿ, ಬಳಿಕ ಸ್ನೇಹದಿಂದ ಪ್ರವೇಶ ಪಡೆದು, 1981ರಲ್ಲಿ ಗ್ರಂಥವನ್ನು ಹೊರತಂದಳು.

ಮೂರನೆಯ ಘಟ್ಟದಲ್ಲಿ ಚಿತ್ರಿತರಿಗೇ ದನಿ ಬಂದಿತು. ದೆಹಲಿಯ ಸ್ಮಶಾನದಲ್ಲಿ ಮನೆಮಾಡಿದ್ದ ಹಿಜಡಾ ಮೋನಾ ಅಹ್ಮದರನ್ನು ಕುರಿತು ದಯಾನಿತಾ ಸಿಂಗ್ 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೋನಾ ಅವರ ಮಾತುಗಳೇ ಇವೆ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರೊಡಗೂಡಿ 2000ರಿಂದ 2004ರವರೆಗೆ ರಚಿಸಿದ ಚಿತ್ರಮಾಲೆಯಲ್ಲಿ, ವಸಾಹತುಕಾಲದ ಅಳತೆಯ ಚೌಕುಳಿ ಪರದೆಯ ಮುಂದೆ ತಾವೇ ನಿಂತು ಆಳರಸರ ಆ ನೋಟವನ್ನು ಅಣಕಿಸಿದರು. ತಮಿಳುನಾಡಿನ ಪಳನಿ ಕುಮಾರ್ ಮಲಗುಂಡಿಗಳಲ್ಲಿ ಪ್ರಾಣ ತೆರುವ ಪೌರಕಾರ್ಮಿಕರ ಬಾಳನ್ನು ದಾಖಲಿಸುವುದರೊಡನೆ, ಅವರ ಮಕ್ಕಳ ಕೈಗೇ ಕ್ಯಾಮರಾ ಕೊಟ್ಟು ಕಲಿಸುತ್ತಿದ್ದಾರೆ.

ಇನ್ನು ಮುಂದೆ ನಮ್ಮ ಪತ್ರಿಕೆಗಳು ಇಂಥ ಎಡೆಗಳ ಚಿತ್ರವೊಂದನ್ನು ಅಚ್ಚುಹಾಕುವಾಗ, ತೆಗೆದವನ ಹೆಸರಿನೊಡನೆ ತೆಗೆಯಿಸಿಕೊಂಡವನ ಸಮ್ಮತಿಯನ್ನೂ, ಅವನು ಬಯಸಿದಲ್ಲಿ ಅವನ ಮಾತನ್ನೂ ಪ್ರಕಟಿಸುವ ಪದ್ಧತಿಯನ್ನು ಕೈಕೊಳ್ಳಬೇಕು.